ಆರು ಇಂಚು ತಗ್ಗು

ಕಳೆದ ಚಳಿಗಾಲದ ನಾಲ್ಕು ಶನಿವಾರಗಳನ್ನು ನಾನು ಒಂದು ಹಳೆಯ ಪಿಕಪ್ ಗಾಡಿಯ ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡು ಕಳೆದೆ. ಪಿಎಚ್‌.ಡಿ. ಮುಗಿಸಬೇಕಾದವಳು ಮಾಡುವ ಕೆಲಸವೇ ಇದು ಎಂದು ಮಾರ್ಗದರ್ಶಕರು ಕೇಳಿದರೆ ಹೇಳಲು ಒಂದು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ನನ್ನ ಸಂಶೋಧನೆಯ ವಿಷಯ ಮನುಷ್ಯ ಮಾಡಿದ ವಸ್ತುಗಳ ಅನನ್ಯತೆ. ಒಂದು ವಸ್ತುವಿನ ಎಷ್ಟು ಭಾಗ ಬದಲಾದರೂ ಅದು ಅದೇ ವಸ್ತುವಾಗಿ ಉಳಿಯುತ್ತದೆ, ಯಾವಾಗ ಬೇರೆಯಾಗುತ್ತದೆ ಎಂಬುದರ ಬಗ್ಗೆ ನಾನು ಇನ್ನೂರು ಪುಟ ಬರೆದಿದ್ದೇನೆ. ಆದರೆ ಕೈಗೆ ಗ್ರೀಸ್ ಹತ್ತುವ ಹಾಗೆ ಆ ಪ್ರಶ್ನೆಯನ್ನು ಎಂದೂ ಮುಟ್ಟಿರಲಿಲ್ಲ.

ನಾನಿರುವುದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ. ಬಾಡಿಗೆಯ ಕೋಣೆ ಒಬ್ಬ ಅಜ್ಜಿಯ ಮನೆಯ ಹಿತ್ತಲಲ್ಲಿದೆ. ಅವರ ಮನೆಮಾತು ಸ್ಪ್ಯಾನಿಷ್. ಅವರ ಹಿರಿಯರು ಈ ರಾಜ್ಯದ ಉತ್ತರದ ಬೆಟ್ಟಗಳ ನಡುವಿನ ಒಂದು ಸಣ್ಣ ಹಳ್ಳಿಯವರು. ಮೊಮ್ಮಗ ಎಲೆಕ್ಟ್ರಿಷಿಯನ್, ನನಗಿಂತ ಎರಡು ವರ್ಷ ಚಿಕ್ಕವನು. ತಾತ ತೀರಿಕೊಂಡ ಮೇಲೆ ಅವನ ಪಾಲಿಗೆ ಬಂದದ್ದು 1969ರ ಶೆವ್ರೊಲೆ ಸಿ-10 ಪಿಕಪ್. ತಾತ ಅದರಲ್ಲಿ ಬದುಕಿಡೀ ಪಿನ್ಯೋನ್ ಮರದ ಸೌದೆ, ದನದ ಮೇವು, ಮೆಣಸಿನಕಾಯಿ ಮೂಟೆ ಹೊತ್ತಿದ್ದರು. ಸರಕು ತುಂಬುವ ಹಿಂಭಾಗದ ಒಳಮೈಯಲ್ಲಿ ತಗ್ಗು ಬೀಳದ ಒಂದು ಗೇಣು ಜಾಗವಿಲ್ಲ.

ಮೊಮ್ಮಗನ ಆಸೆ ಇಷ್ಟೇ: ಗಾಡಿಯನ್ನು ಮುಂದೆ 4.5 ಇಂಚು, ಹಿಂದೆ 6 ಇಂಚು ತಗ್ಗಿಸಬೇಕು. ನೆಲಕ್ಕೆ ಹತ್ತಿರವಾಗಿ, ಉದ್ದಕ್ಕೂ ಸಮವಾಗಿ, ನಿಧಾನವಾಗಿ ಅದು ಬೀದಿಯಲ್ಲಿ ಹೋಗಬೇಕು.

ಅದೇ ವಾರ ತೀರ್ಥಹಳ್ಳಿ ಕಡೆಯ ನಮ್ಮೂರಿನಿಂದ ಅಣ್ಣನ ಮೆಸೇಜು ಬಂದಿತ್ತು. ಅಪ್ಪ ಜಗಲಿಯ ಮೆಟ್ಟಿಲ ಮೇಲೆ ಮತ್ತೆ ಬಿದ್ದಿದ್ದರು. ಈ ಸಲ ಜಗಲಿ ಕೊರೆದು ಇಳಿಜಾರು ಮಾಡಿಸುವುದೇ ಸೈ, ನೀನು ಏನು ಹೇಳುತ್ತಿ ಎಂದು ಕೇಳಿದ್ದ. ಅದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಆ ಜಗಲಿ ಅಜ್ಜ ಕಟ್ಟಿಸಿದ್ದು. ಟಾರ್ಚ್ ಹಿಡಿದು ನಿಂತಾಗಲೆಲ್ಲ ಆ ಮೆಸೇಜು ಜೇಬಿನಲ್ಲೇ ಇತ್ತು. ಆದರೆ ಇವೆರಡೂ ಒಂದೇ ಪ್ರಶ್ನೆ ಎಂದು ಹೊಳೆಯಲು ನನಗೆ ಮೂರು ಶನಿವಾರ ಬೇಕಾದವು.

ಗಾಡಿ ತಗ್ಗಿಸುವುದೆಂದರೆ ಏನು ಎಂದು ಮೊದಲು ಹೇಳಬೇಕು. ನನಗೂ ಗೊತ್ತಿರಲಿಲ್ಲ. ಪಿಕಪ್ ಗಾಡಿ ಕಾರ್ಖಾನೆಯಿಂದ ಬರುವಾಗ ಹಿಂಭಾಗ ಸ್ವಲ್ಪ ಎತ್ತಿಕೊಂಡೇ ಬರುತ್ತದೆ. ಖಾಲಿ ಇದ್ದಾಗ ಬಾಲ ಎತ್ತಿದ ಕೋಳಿಯ ಹಾಗೆ ಕಾಣುತ್ತದೆ, ಹೇರು ತುಂಬಿದಾಗ ಸಮವಾಗುತ್ತದೆ. ಅಂದರೆ ಆ ಎತ್ತರ ಇರುವುದು ಮುಂದೆ ಬರಲಿರುವ ಭಾರಕ್ಕಾಗಿ. ಅದನ್ನು ತಗ್ಗಿಸುವವನು ಇನ್ನು ಮೇಲೆ ಇದರ ಮೇಲೆ ಭಾರ ಹೇರುವುದಿಲ್ಲ ಎಂದು ತೀರ್ಮಾನಿಸಿದ ಹಾಗೆ.

ತಗ್ಗಿಸುವ ದಾರಿಗಳು ಹಲವು. ಎಲ್ಲಕ್ಕಿಂತ ಅಗ್ಗದ್ದು ಸ್ಪ್ರಿಂಗಿನ ಒಂದೆರಡು ಸುತ್ತನ್ನು ಕತ್ತರಿಸಿಬಿಡುವುದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ, ಗಾಡಿ ಹಳ್ಳಕ್ಕೆ ಬಿದ್ದಾಗಲೆಲ್ಲ ಸೊಂಟಕ್ಕೆ ಪೆಟ್ಟು. ಗ್ಯಾಸ್ ಕಟರಿನಿಂದ ಕತ್ತರಿಸಿದರೆ ಇನ್ನೂ ಕೆಟ್ಟದು. ಬೆಂಕಿ ತಾಗಿದ ಉಕ್ಕು ತನ್ನ ಹದ ಕಳೆದುಕೊಂಡು ಕಾಲಕ್ರಮದಲ್ಲಿ ಕುಸಿಯುತ್ತದೆ. ಎರಡನೆಯದು, ಹಳೆಯ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕುವುದು. ಮೂರನೆಯದು ಸ್ಪಿಂಡಲ್ ಬದಲಿಸುವುದು. ಮುಂದಿನ ಚಕ್ರ ತಿರುಗುವ ಗೂಟವನ್ನು ಹೊತ್ತ ಉಕ್ಕಿನ ತುಂಡು ಅದು. ತಗ್ಗಿಸುವ ಸ್ಪಿಂಡಲಿನಲ್ಲಿ ಆ ಗೂಟ ಮಾಮೂಲಿಗಿಂತ 2.5 ಇಂಚು ಮೇಲಿರುತ್ತದೆ. ಚಕ್ರ ಮೇಲೆ ಹೋಗುತ್ತದೆ, ಗಾಡಿ ಕೆಳಗೆ ಬರುತ್ತದೆ. ಸ್ಪ್ರಿಂಗ್ ಮೊದಲಿನಷ್ಟೇ ಉದ್ದ ಇರುವುದರಿಂದ ಕೂತವರ ಸೊಂಟಕ್ಕೂ ತೊಂದರೆಯಿಲ್ಲ.

ಅವನು ಮುಂದಕ್ಕೆ ಆರಿಸಿದ್ದು ಸ್ಪಿಂಡಲ್ ಮತ್ತು 2 ಇಂಚು ಗಿಡ್ಡ ಸ್ಪ್ರಿಂಗಿನ ಜೋಡಿಯನ್ನು. 1969ರ ಈ ಗಾಡಿಗೆ ಮುಂದೆ ಡ್ರಮ್ ಬ್ರೇಕ್. ಈ ಮಾದರಿಗೆ ಡಿಸ್ಕ್ ಬ್ರೇಕ್ ಬಂದದ್ದು 1971ರಲ್ಲಿ. ಅವನು ತಂದ ಸ್ಪಿಂಡಲ್ ಡಿಸ್ಕ್ ಬ್ರೇಕಿಗೆ ಹೊಂದುವಂಥದ್ದು. ಹಾಗಾಗಿ ಗಾಡಿಯನ್ನು ತಗ್ಗಿಸುವ ನೆಪದಲ್ಲಿ ಅದು ತಾತನ ಕಾಲಕ್ಕಿಂತ ಚೆನ್ನಾಗಿ ನಿಲ್ಲುವುದನ್ನೂ ಕಲಿತಿತು. ಇಷ್ಟೆಲ್ಲವೂ ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವ ಕೆಲಸ. ಕಳಚಿದ ಹಳೆಯ ಭಾಗಗಳನ್ನು ಅವನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಮೇಲೆ ತಾತನ ಹೆಸರು ಬರೆದು ಅಟ್ಟಕ್ಕೇರಿಸಿದ. ನಾಳೆ ಯಾರಿಗಾದರೂ ಬೇಕೆನಿಸಿದರೆ ಗಾಡಿಯನ್ನು ಮತ್ತೆ ಹಳೆಯ ಎತ್ತರಕ್ಕೆ ತರಬಹುದು.

ತೊಡಕು ಇದ್ದದ್ದು ಹಿಂಭಾಗದಲ್ಲಿ.

ಆ ಕಾಲದ ಹೆಚ್ಚಿನ ಪಿಕಪ್‌ಗಳ ಹಿಂಭಾಗಕ್ಕೆ ನಮ್ಮ ಲಾರಿಗಳಲ್ಲಿರುವಂಥ ಕಮಾನು ಪಟ್ಟೆ ಇರುತ್ತಿತ್ತು. ಶೆವ್ರೊಲೆಯವರು ಈ ಗಾಡಿಗೆ ಸುರುಳಿ ಸ್ಪ್ರಿಂಗ್ ಕೊಟ್ಟು, ಆಕ್ಸಲನ್ನು ಎರಡು ಉದ್ದನೆಯ ತೋಳುಗಳಿಂದ ಹಿಡಿದಿಟ್ಟಿದ್ದರು. ಆ ವಿನ್ಯಾಸ ಎಷ್ಟು ಒಳ್ಳೆಯದಾಗಿತ್ತೆಂದರೆ ಅಮೆರಿಕದ ನಾಸ್ಕಾರ್ ರೇಸಿನ ಕಾರುಗಳು ದಶಕಗಳ ಕಾಲ, 2021ರವರೆಗೂ, ಅದೇ ಬಗೆಯ ತೋಳುಗಳ ಮೇಲೆ ಓಡಿದವು. ಸೌದೆ ಹೊರುವ ಗಾಡಿಯ ಕೆಳಗೆ ರೇಸು ಕಾರಿನ ಮೂಳೆ ಇತ್ತು ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ. ಸುರುಳಿ ಸ್ಪ್ರಿಂಗ್ ಇರುವುದರಿಂದ ಗಿಡ್ಡ ಸ್ಪ್ರಿಂಗ್ ಹಾಕಿದರೆ ಹಿಂಭಾಗವೂ ತಗ್ಗುತ್ತದೆ. ಆದರೆ ತಗ್ಗಿದ ಕೂಡಲೇ ಒಂದರ ಹಿಂದೆ ಒಂದು ತಕರಾರು ಶುರುವಾಗುತ್ತದೆ. ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿದಿರುವ ಸರಳಿನ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ತುದಿ ಆಕ್ಸಲಿನಲ್ಲಿ. ಗಾಡಿ ತಗ್ಗಿದಾಗ ಆ ಸರಳಿನ ಓರೆ ಬದಲಾಗಿ ಇಡೀ ಆಕ್ಸಲನ್ನು ಒಂದು ಮಗ್ಗುಲಿಗೆ ತಳ್ಳುತ್ತದೆ. ಉದ್ದ ಹೊಂದಿಸಬಹುದಾದ ಹೊಸ ಸರಳು ಬೇಕು. ಶಾಕ್ ಅಬ್ಸಾರ್ಬರ್ ಗಿಡ್ಡದಾಗಬೇಕು. ಇಂಜಿನ್ನಿನಿಂದ ಹಿಂದಕ್ಕೆ ಬರುವ ಶಾಫ್ಟಿನ ಕೋನ ಸರಿ ಮಾಡಬೇಕು. ಒಂದನ್ನು ಮುಟ್ಟಿದರೆ ನಾಲ್ಕು ಅಲುಗುತ್ತವೆ.

ಕೊನೆಯ ತಕರಾರು ಎಲ್ಲಕ್ಕಿಂತ ದೊಡ್ಡದು. ಆರು ಇಂಚು ತಗ್ಗಿದರೆ ಆಕ್ಸಲಿಗೂ ಅದರ ಮೇಲೆ ಹಾದುಹೋಗುವ ಚಾಸಿಗೂ ನಡುವೆ ಜಾಗವೇ ಉಳಿಯುವುದಿಲ್ಲ. ರಸ್ತೆಯ ಒಂದು ಉಬ್ಬು ಸಾಕು, ಆಕ್ಸಲ್ ಚಾಸಿಗೆ ಗುದ್ದುತ್ತದೆ. ಅದಕ್ಕೆ ಇರುವ ಮದ್ದು, ಆಕ್ಸಲ್ ಬರುವ ಕಡೆ ಚಾಸಿಯ ತಳದಿಂದ ಅರ್ಧಚಂದ್ರಾಕಾರದ ತುಂಡನ್ನು ಕತ್ತರಿಸಿ ತೆಗೆಯುವುದು. ಇದನ್ನು ಸಿ-ನಾಚ್ ಎನ್ನುತ್ತಾರೆ. ಚಾಸಿ ಎಂದರೆ ಗಾಡಿಯ ಬೆನ್ನುಮೂಳೆ. ಸ್ಪ್ರಿಂಗನ್ನು ಅಟ್ಟದಿಂದ ಇಳಿಸಿ ಮತ್ತೆ ಹಾಕಬಹುದು. ಬೆನ್ನುಮೂಳೆಯಿಂದ ಕತ್ತರಿಸಿದ್ದನ್ನು ಮೊದಲಿನ ಹಾಗೆ ಮಾಡಲಾಗದು.

ಎರಡನೆಯ ಶನಿವಾರ ಗ್ರೈಂಡರ್ ತಂದಿಟ್ಟುಕೊಂಡು ಅವನು ಕತ್ತರಿಸಲಿಲ್ಲ. ಚಾಸಿಯ ಮೇಲೆ ಸೀಮೆಸುಣ್ಣದಲ್ಲಿ ಅರ್ಧಚಂದ್ರ ಬರೆದ, ಅಳೆದ, ಅಳಿಸಿದ, ಮತ್ತೆ ಬರೆದ. ಬೇಡ ಬಿಡು, ನಾಲ್ಕೇ ಇಂಚಿಗೆ ನಿಲ್ಲಿಸಿದರಾಯಿತು ಎಂದು ನಾನೇ ಹೇಳಿದೆ. ತತ್ತ್ವಶಾಸ್ತ್ರದ ವಿದ್ಯಾರ್ಥಿನಿಯ ಧ್ವನಿಯಲ್ಲೇ ಹೇಳಿದೆ. ಹಿಂದಕ್ಕೆ ತರಬಹುದಾದ ಬದಲಾವಣೆಗೆ ನಮಗೆ ಹಕ್ಕಿದೆ, ಹಿಂದಕ್ಕೆ ತರಲಾಗದ್ದಕ್ಕೆ ಇಲ್ಲ. ಯಾಕೆಂದರೆ ಮುಂದೆ ಬರುವವರ ಪರವಾಗಿ ತೀರ್ಮಾನಿಸಲು ಅವರು ನಮ್ಮನ್ನು ನೇಮಿಸಿಲ್ಲ. ಇದು ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದ ಸಾರ. ಹಳೆಯ ಕಟ್ಟಡಗಳು ನಮ್ಮ ಸ್ವತ್ತಲ್ಲ, ಕಟ್ಟಿದವರಿಗೂ ಮುಂದಿನವರಿಗೂ ಸೇರಿದವು ಎಂದು 1849ರಲ್ಲಿ ವಾದಿಸಿದ ಜಾನ್ ರಸ್ಕಿನ್ ಆ ಅಧ್ಯಾಯದ ಆಧಾರಸ್ತಂಭ. ಅದೇ ರಸ್ಕಿನ್ನನನ್ನು ಆ ರಾತ್ರಿ ನಾನು ಅಣ್ಣನ ಮೇಲೂ ಪ್ರಯೋಗಿಸಿದೆ. ಅಜ್ಜ ಕಟ್ಟಿಸಿದ ಜಗಲಿ ಕೊರೆಯುವುದು ಬೇಡ, ಬೇರೆ ಉಪಾಯ ಹುಡುಕೋಣ ಎಂದು ಉದ್ದ ಮೆಸೇಜು ಬರೆದೆ. ಅಣ್ಣ ಒಂದೇ ಸಾಲು ಕಳಿಸಿದ: "ನೀ ಅಲ್ಲಿ ಕೂತು ಕಾಪಾಡ್ತೀಯ ಮಾರಾಯ್ತಿ, ಇಲ್ಲಿ ಹತ್ತೋದು ಅಪ್ಪ."

ಈ ತಗ್ಗಿಸುವ ಹುಚ್ಚು ಎಲ್ಲಿಂದ ಬಂತು ಎಂದು ಆ ವಾರ ಓದಿದೆ. ಇದರ ಬೇರು ಎರಡನೆಯ ಮಹಾಯುದ್ಧದ ನಂತರದ ಕ್ಯಾಲಿಫೋರ್ನಿಯಾ ಮತ್ತು ನೈರುತ್ಯ ಅಮೆರಿಕದ ಮೆಕ್ಸಿಕನ್ ಮೂಲದವರ ಬಡಾವಣೆಗಳಲ್ಲಿದೆ. ಹೊಸ ಕಾರು ಕೊಳ್ಳಲಾಗದ ಹುಡುಗರು ಹಳೆಯ ಕಾರು ಕೊಂಡು, ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಟು ನೆಲಕ್ಕೆ ತಗ್ಗಿಸುತ್ತಿದ್ದರು. ಆ ಕಾಲದ ಉಳಿದ ಅಮೆರಿಕನ್ ಹುಡುಗರಿಗೆ ವೇಗದ ಗೀಳು. ಇವರು ತಗ್ಗಾಗಿ, ನಿಧಾನವಾಗಿ ಹೋಗುವುದನ್ನು ಆರಿಸಿಕೊಂಡರು. ನಿಧಾನವಾಗಿ ಹೋದರೆ ನೋಡುವವರು ನೋಡಲೇಬೇಕು. 1958ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಬಂತು: ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿರಕೂಡದು. ಅದಕ್ಕೆ ಉತ್ತರವಾಗಿ ರಾನ್ ಅಗೀರೆ ಎಂಬ ಯುವಕ ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪು ಕೂರಿಸಿದ. ಪೊಲೀಸರು ಕಂಡರೆ ಕಾರು ಎದ್ದು ನಿಲ್ಲುತ್ತದೆ, ಅವರು ಹೋದ ಮೇಲೆ ಮತ್ತೆ ಕೂರುತ್ತದೆ. ಆ ನಿರ್ಬಂಧವನ್ನೂ, ಹೀಗೆ ಬೀದಿ ಸುತ್ತುವುದನ್ನು ನಿಷೇಧಿಸಲು ಊರುಗಳಿಗಿದ್ದ ಅಧಿಕಾರವನ್ನೂ ಕ್ಯಾಲಿಫೋರ್ನಿಯಾ ಕೈಬಿಟ್ಟದ್ದು 2023ರಲ್ಲಿ ಒಪ್ಪಿಗೆ ಪಡೆದ ಕಾಯ್ದೆಯಿಂದ.

ನ್ಯೂ ಮೆಕ್ಸಿಕೊದ ಉತ್ತರಕ್ಕೆ ಚಿಮಾಯೊ ಎಂಬ ಊರಿದೆ. ಅಲ್ಲಿನ ಮಣ್ಣಿನ ಇಗರ್ಜಿಗೆ ಈಸ್ಟರ್ ವಾರದಲ್ಲಿ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಆ ಊರಿನ ಡೇವ್ ಹರಮಿಯೊ ಎಂಬಾತ 1969ರ ಫೋರ್ಡ್ ಎಲ್‌ಟಿಡಿ ಕಾರೊಂದನ್ನು ಹೀಗೆಯೇ ತಗ್ಗಿಸಿ ಸಿಂಗರಿಸಲು ತೊಡಗಿದ್ದ. ಕೆಲಸ ಮುಗಿಯುವ ಮೊದಲೇ 1978ರಲ್ಲಿ ತೀರಿಕೊಂಡ. ಉಳಿದ ಕೆಲಸವನ್ನು ಮನೆಯವರು ಮುಗಿಸಿದರು. 'ಡೇವ್ಸ್ ಡ್ರೀಮ್' ಎಂಬ ಆ ಕಾರು ಇಂದು ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಸಂಗ್ರಹಾಲಯದ ಸ್ವತ್ತು. ಇಲ್ಲಿ ನನ್ನ ರಸ್ಕಿನ್ ಸ್ವಲ್ಪ ತಡವರಿಸಿದ. ಸಂಗ್ರಹಾಲಯ ಜೋಪಾನ ಮಾಡುತ್ತಿರುವುದು ಕಾರ್ಖಾನೆಯಿಂದ ಬಂದ ಫೋರ್ಡನ್ನಲ್ಲ, ಕತ್ತರಿಸಿ ಮಾರ್ಪಡಿಸಿದ ಫೋರ್ಡನ್ನು. ಅಂದು ಯಾರಾದರೂ ಬಂದು ಹಳೆಯ ಕಾರನ್ನು ಹಾಳು ಮಾಡಬೇಡಿ ಎಂದು ತಡೆದಿದ್ದರೆ ಇಂದು ಕಾಪಾಡಲು ಏನೂ ಇರುತ್ತಿರಲಿಲ್ಲ.

ನನ್ನ ವಿಷಯದಲ್ಲಿ ಎಲ್ಲರೂ ಮೊದಲು ಹೇಳುವ ಕಥೆ ಗ್ರೀಕರ ಥೀಸಿಯಸನ ಹಡಗಿನದು. ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೂ ಅದು ಅದೇ ಹಡಗೇ? ನನಗೆ ಅದಕ್ಕಿಂತ ಇಷ್ಟವಾದದ್ದು ಪಾಳಿಯ 'ಮಿಲಿಂದ ಪಂಹ'ದ ರಥ. ರಥದಲ್ಲಿ ಬಂದೆ ಎಂದ ರಾಜ ಮಿಲಿಂದನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ಅಚ್ಚು ರಥವೇ? ಗಾಲಿಯೇ? ಚೌಕಟ್ಟೇ? ನೊಗವೇ? ಯಾವುದೂ ಅಲ್ಲವೆಂದರೆ ನೀನು ಬಂದ ರಥ ಯಾವುದು? ಬಿಡಿಭಾಗಗಳ ಆಸರೆಯಲ್ಲಿ ನಾವು ಕೊಟ್ಟುಕೊಂಡ ಹೆಸರು ಅದು, ಅಷ್ಟೇ ಎಂಬಲ್ಲಿಗೆ ಮಾತು ಬರುತ್ತದೆ. ಇದು ಮನಸ್ಸಿಗೆ ಬಿಡುಗಡೆ ಕೊಡುವ ಮಾತು. ಆದರೆ ಗ್ರೈಂಡರ್ ಹಿಡಿದವನಿಗೆ ಸಾಲದು. ಚಾಸಿ ಕತ್ತರಿಸಿದ ಮೇಲೂ ಇದು ಅದೇ ಗಾಡಿಯೇ ಎಂಬುದು ಅವನ ಪ್ರಶ್ನೆಯಾಗಿರಲಿಲ್ಲ. ನೋಂದಣಿ ಪತ್ರದ ಪ್ರಕಾರ ಅದು ಅದೇ ಗಾಡಿ. ತಾತ ಇದ್ದಿದ್ದರೆ ಏನನ್ನುತ್ತಿದ್ದರು ಎಂಬುದು ಅವನನ್ನು ತಡೆದಿತ್ತು. ಸೌದೆ ಹೊರಲೆಂದು ಇದ್ದದ್ದನ್ನು ಸೌದೆ ಹೊರದ ಹಾಗೆ ಮಾಡುವುದು ಸತ್ತವರಿಗೆ ಮಾಡುವ ಅವಮಾನವಾಗುತ್ತದೆಯೇ?

ಮೂರನೆಯ ಶನಿವಾರ ಅಜ್ಜಿ ಗ್ಯಾರೇಜಿಗೆ ಕಾಫಿ ತಂದರು. ಸೀಮೆಸುಣ್ಣದ ಗೆರೆ ನೋಡಿ ಇದೇನು ಎಂದರು. ಮೊಮ್ಮಗ ವಿವರಿಸಿದ. ಇದಾದರೆ ಮತ್ತೆ ಸೌದೆ ತರಲಾಗುವುದಿಲ್ಲ, ಊರಿನ ಮಣ್ಣುರಸ್ತೆಗೂ ಒಯ್ಯಲಾಗುವುದಿಲ್ಲ, ತಾತನಿಗೆ ಬೇಜಾರಾಗುತ್ತಿತ್ತೇನೋ ಎಂದ. ಅಜ್ಜಿ ಗಾಡಿಯ ಬಾಗಿಲ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ್ದನ್ನು ಅವನು ನನಗೆ ಬಿಡಿಸಿ ಹೇಳಿದ: ಸೌದೆ ಹೊರುವುದು ನಿನ್ನ ತಾತನ ಆಸೆಯಾಗಿತ್ತು ಎಂದು ನಿನಗೆ ಯಾರು ಹೇಳಿದರು? ಅದು ಅವರ ಪಾಡಾಗಿತ್ತು. ಭಾನುವಾರ ಇದನ್ನೇ ತೊಳೆದು, ನನ್ನನ್ನು ಕೂರಿಸಿಕೊಂಡು, ಪೇಟೆಯಲ್ಲಿ ಎರಡು ಸುತ್ತು ಸುಮ್ಮನೆ ತಿರುಗಿಸುತ್ತಿದ್ದರು.

ಹಿರಿಯರ ವಸ್ತುವಿಗೆ ಗೌರವ ಕೊಡುತ್ತೇವೆಂದು ನಾವು ಎಷ್ಟೋ ಸಲ ಹಿರಿಯರ ಕಷ್ಟಕ್ಕೆ ಗೌರವ ಕೊಡುತ್ತಿರುತ್ತೇವೆ. ಒರಳು, ಬೀಸುವ ಕಲ್ಲು, ಏತದ ಗೂಟ ಎಲ್ಲವನ್ನೂ ಹೊಳಪು ಕೊಟ್ಟು ಹಜಾರದಲ್ಲಿ ನಿಲ್ಲಿಸುತ್ತೇವೆ. ಅದನ್ನು ಬೀಸಿದವಳಿಗೆ ಅದರ ಮೇಲೆ ಪ್ರೀತಿಯಿತ್ತೇ ಎಂದು ಕೇಳುವುದಿಲ್ಲ. ವಸ್ತುವಿನ ಉದ್ದೇಶ ಅದನ್ನು ಮಾಡಿದ ಕಾರ್ಖಾನೆಯ ಉದ್ದೇಶವೋ, ಅದರೊಡನೆ ಏಗಿದವರದೋ ಎಂದು ನನ್ನ ಇನ್ನೂರು ಪುಟಗಳಲ್ಲಿ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆ ರಾತ್ರಿ ನಮ್ಮ ಜಗಲಿಯ ಬಗ್ಗೆ ಯೋಚಿಸುತ್ತ ಮಲಗಿದೆ. ಅಂಗಳದಿಂದ ಅದಕ್ಕೆ ನಾಲ್ಕು ಮೆಟ್ಟಿಲು, ಒಟ್ಟು 30 ಇಂಚು ಎತ್ತರ. ಮಲೆನಾಡಿನ ಮಳೆ, ಹುಳುಹುಪ್ಪಟೆ, ಎರಚಲು ಎಲ್ಲ ನೋಡಿದರೆ ಎತ್ತರ ಬೇಕು ನಿಜ. ಆದರೆ ಅಷ್ಟಕ್ಕೇ ಅದು ಅಷ್ಟು ಎತ್ತರವಿರಲಿಲ್ಲ. ಅಜ್ಜನ ಕಾಲದಲ್ಲಿ ತೋಟದ ಕೆಲಸಕ್ಕೆ ಬರುತ್ತಿದ್ದವರು ಅಂಗಳದಲ್ಲಿ ನಿಂತೇ ಮಾತಾಡುತ್ತಿದ್ದರು. ಕೂಲಿ ಮೇಲಿನಿಂದ ಕೆಳಕ್ಕೆ ಹೋಗುತ್ತಿತ್ತು. ಅಡಿಕೆ ಸುಲಿಯಲು ಬಂದ ಒಬ್ಬಾಕೆ ಮಳೆ ಬಂದಾಗ ಮೊದಲ ಮೆಟ್ಟಿಲ ಮೇಲೆ ನಿಂತು, ಎರಡನೆಯದಕ್ಕೆ ಕಾಲಿಡದೆ, ಸೂರಿನ ನೀರಿಗೆ ಬೆನ್ನು ಕೊಟ್ಟು ನಿಂತಿದ್ದು ನನಗೆ ನೆನಪಿದೆ. ನನಗಾಗ ಏಳೋ ಎಂಟೋ ವರ್ಷ. ಮೇಲೆ ಬಾ ಎಂದು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಆ ಮೆಟ್ಟಿಲನ್ನು ನಾನು ರಸ್ಕಿನ್ನನ ಹೆಸರಿನಲ್ಲಿ ಕಾಪಾಡಲು ಹೊರಟಿದ್ದೆ. ಒಂಬತ್ತು ಸಾವಿರ ಮೈಲಿ ದೂರದಲ್ಲಿರುವವಳಿಗೆ ಊರಿನ ಮನೆ ಹಾಗೇ ಇರಬೇಕು. ನಾನು ಹೋದಾಗ ಸಿಗಬೇಕು, ಫೋಟೊದಲ್ಲಿದ್ದ ಹಾಗೆ ಸಿಗಬೇಕು. ಅದಕ್ಕೆ ಪರಂಪರೆ ಎಂಬ ಹೆಸರು ಕೊಟ್ಟುಕೊಂಡಿದ್ದೆ. ಸುಮ್ಮನೆ ಅಂದಕ್ಕಾಗಿ ಒಬ್ಬ ಗೆಳೆಯ ಚಾಸಿ ಕತ್ತರಿಸುವಾಗ ಮೂರು ವಾರ ಟಾರ್ಚ್ ಹಿಡಿದವಳು, ಅಪ್ಪನ ಮೊಣಕಾಲಿಗಾಗಿ ಅಣ್ಣ ಕಲ್ಲು ಕೊರೆಯುತ್ತೇನೆಂದರೆ ಬೇಡವೆಂದಿದ್ದೆ.

ಹಾಗೆಂದು ಕತ್ತರಿಸುವುದೆಲ್ಲ ಸರಿ ಎಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಗ್ಯಾಸ್ ಕಟರಿನಲ್ಲಿ ಸ್ಪ್ರಿಂಗ್ ಕತ್ತರಿಸುವವನೂ ಸರಿಯಾಗುತ್ತಾನೆ. ಎಲ್ಲವೂ ಹಿಂದಕ್ಕೆ ತರಬಹುದಾದದ್ದೇ ಆಗಿರಲಿ ಎಂಬ ದಾರಿಯೂ ನಾನು ಅಂದುಕೊಂಡಷ್ಟು ಶುದ್ಧವಲ್ಲ. ಸ್ಪ್ರಿಂಗಿನ ಬದಲು ಗಾಳಿಚೀಲ ಹಾಕುವ ವ್ಯವಸ್ಥೆಯೊಂದಿದೆ. ಕಂಪ್ರೆಸರಿನಿಂದ ಗಾಳಿ ತುಂಬಿದರೆ ಗಾಡಿ ಏಳುತ್ತದೆ, ಬಿಟ್ಟರೆ ಕೂರುತ್ತದೆ. ಬೇಕಾದಾಗ ಬೇಕಾದ ಎತ್ತರ. ಅದನ್ನೇ ಹಾಕು, ಆಗ ಯಾವ ತೀರ್ಮಾನವೂ ಶಾಶ್ವತವಲ್ಲ ಎಂದು ನಾನು ಮೊದಲ ವಾರ ವಾದಿಸಿದ್ದೆ. ಅವನು ನಕ್ಕಿದ್ದ. ಗಾಳಿ ಬಿಟ್ಟಾಗ ಗಾಡಿ ಪೂರ್ತಿ ಕೂರಬೇಕಾದರೆ ಅದಕ್ಕೂ ಚಾಸಿ ಕತ್ತರಿಸಲೇಬೇಕು. ತಿದ್ದಬಹುದು ಎಂದು ತೋರುವ ಎಷ್ಟೋ ಆಯ್ಕೆಗಳ ತಳದಲ್ಲಿ ತಿದ್ದಲಾಗದ ಒಂದು ಕಚ್ಚು ಇರುತ್ತದೆ. ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ. ಕತ್ತರಿಸದೆ ಇರುವುದೂ ಕೆಲವೊಮ್ಮೆ ತಿದ್ದಲಾಗದ ತೀರ್ಮಾನವೇ. ಅಪ್ಪ ಮೂರನೆಯ ಸಲ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ನಾವು ಜಗಲಿಯನ್ನು ಉಳಿಸಿಕೊಂಡಿದ್ದೇವೆ ಎಂಬುದು ಯಾವ ಸಮಾಧಾನ?

ಹಾಗಾದರೆ ಕತ್ತರಿಸಬಹುದಾದದ್ದು ಯಾವಾಗ? ಇದಕ್ಕೆ ಉತ್ತರದಂಥದ್ದು ಸಿಕ್ಕಿದ್ದು ನಾಲ್ಕನೆಯ ಶನಿವಾರ, ಕೆಲಸ ನಡೆಯುವಾಗ.

ಅವನು ಮೊದಲು ಚಾಸಿಗೆ ಎರಡೂ ಕಡೆ ಸ್ಟ್ಯಾಂಡು ಕೊಟ್ಟು ಭಾರ ಇಳಿಸಿದ. ಕತ್ತರಿಸುವ ಮೊದಲೇ ಹೊಸ ತುಂಡನ್ನು ಇಟ್ಟು ನೋಡಿದ. ಅದು ಚಾಸಿಗಿಂತ ದಪ್ಪನೆಯ ಉಕ್ಕು, ಅರ್ಧಚಂದ್ರದ ಸುತ್ತ ಬಾಗಿ ಎರಡೂ ಬದಿಗೆ ಚಾಚಿಕೊಂಡಿರುವಂಥದ್ದು. ಕತ್ತರಿಸಿದ ಮೇಲೆ ಅಂಚುಗಳನ್ನು ಉಜ್ಜಿ ನುಣುಪು ಮಾಡಿದ, ಏಕೆಂದರೆ ಬಿರುಕು ಹುಟ್ಟುವುದು ಚೂಪು ಮೂಲೆಯಲ್ಲಿ. ಆಮೇಲೆ ದಪ್ಪ ತುಂಡನ್ನು ಕೂರಿಸಿ ಬೋಲ್ಟ್ ಬಿಗಿದ. ಎಷ್ಟು ಉಕ್ಕು ತೆಗೆದನೋ ಅದಕ್ಕಿಂತ ಎಷ್ಟೋ ಹೆಚ್ಚು ಉಕ್ಕು ವಾಪಸು ಬಂದಿತ್ತು. ಕತ್ತರಿಸಲು ಹಿಡಿದದ್ದು ಹತ್ತು ನಿಮಿಷ. ಕತ್ತರಿಸಿದ್ದಕ್ಕೆ ಆಸರೆ ಕಟ್ಟಲು ಇಡೀ ದಿನ.

ನನಗೆ ತೋಚಿದ್ದು ಇಷ್ಟು. ಹಿರಿಯರಿಂದ ಬಂದದ್ದನ್ನು ಕತ್ತರಿಸುವ ಹಕ್ಕು ಎಲ್ಲಿಂದಲೋ ಮೊದಲೇ ಸಿಕ್ಕಿರುವುದಿಲ್ಲ. ಕತ್ತರಿಸುವವನು ಅದನ್ನು ದುಡಿಯಬೇಕು. ಆ ಭಾಗ ಅಲ್ಲಿ ಯಾವ ಭಾರ ಹೊತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು. ಅದು ಹೋದ ಮೇಲೆ ಆ ಭಾರವನ್ನು ಹೊರಲು ಇನ್ನೇನನ್ನಾದರೂ ಕಟ್ಟಿಕೊಡಬೇಕು. ಮಾಡಿದ್ದನ್ನು ಮುಚ್ಚಿಡಬಾರದು. ಹಳೆಯ ಕಟ್ಟಡಗಳಿಗೆ ಹೊಸ ಭಾಗ ಸೇರಿಸಿದರೆ ಅದು ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆ ಎಂದು ಗುರುತಿಗೆ ಸಿಗಬೇಕು ಎಂಬುದು 1964ರ ವೆನಿಸ್ ಸನ್ನದಿನ ಒಂದು ನಿಯಮ. ಅವನು ಆ ಸನ್ನದನ್ನು ಓದಿದವನಲ್ಲ. ಆದರೆ ಹೊಸ ತುಂಡಿಗೆ ಚಾಸಿಯ ಕಪ್ಪು ಬಣ್ಣ ಬಳಿಯದೆ ಬೂದು ಬಣ್ಣ ಬಳಿದ. ಮುಂದೆ ಇದರ ಕೆಳಗೆ ಮಲಗುವವನಿಗೆ ಇಲ್ಲಿ ಕತ್ತರಿಸಿದೆ ಎಂದು ಗೊತ್ತಾಗಬೇಕಲ್ಲ ಎಂದ.

ಸ್ಪ್ರಿಂಗಿಗೆ ಬೆಂಕಿ ಹಿಡಿಯುವವನಲ್ಲಿ ತಪ್ಪು ಇರುವುದೂ ಇಲ್ಲಿಯೇ. ಅವನು ಬೇಕಾದ ರೂಪವನ್ನು ಪಡೆಯುತ್ತಾನೆ, ಆದರೆ ಕಳೆದುಹೋದ ಬಲಕ್ಕೆ ಏನನ್ನೂ ತೆರುವುದಿಲ್ಲ. ಆ ಲೆಕ್ಕವನ್ನು ಮುಂದೆ ಗಾಡಿಯಲ್ಲಿ ಕೂರುವವರು ತೀರಿಸಬೇಕಾಗುತ್ತದೆ.

ಈ ನಿಯಮ ಎಲ್ಲವನ್ನೂ ತುಂಬಿಕೊಡುವುದಿಲ್ಲ ಎಂಬುದೂ ನನಗೆ ಗೊತ್ತು. ಆ ಗಾಡಿ ಇನ್ನು ಬೆಟ್ಟದ ದಾರಿ ಹತ್ತುವುದಿಲ್ಲ. ಸೌದೆಗೆ ಅವರು ಈಗ ಚಿಕ್ಕಪ್ಪನ ಗಾಡಿ ಕೇಳಬೇಕು. ಕಷ್ಟದ ಜೊತೆಗೆ ಒಂದು ಕಸುಬಿನ ತಿಳಿವೂ ಹೋಯಿತು. ಯಾವ ದಾರಿಯಲ್ಲಿ ಎಷ್ಟು ಹೇರಬೇಕು ಎಂದು ತಾತನಿಗೆ ಗೊತ್ತಿದ್ದದ್ದು ಮೊಮ್ಮಗನಿಗೆ ಗೊತ್ತಿಲ್ಲ, ಇನ್ನು ಗೊತ್ತಾಗುವ ಸಂದರ್ಭವೂ ಬಾರದು. ಅಟ್ಟದ ಪೆಟ್ಟಿಗೆಯಲ್ಲಿ ಅದು ಇಲ್ಲ. ಇದನ್ನು ನಷ್ಟವೆಂದೇ ಬರೆದುಕೊಳ್ಳಬೇಕು.

ಭಾನುವಾರ ಬೆಳಿಗ್ಗೆ, ಊರಿನಲ್ಲಿ ರಾತ್ರಿಯ ಊಟದ ಹೊತ್ತಿಗೆ, ಅಣ್ಣನಿಗೆ ಫೋನ್ ಮಾಡಿದೆ. ಗಾಲಿಕುರ್ಚಿ ಸಲೀಸಾಗಿ ಹೋಗಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂದು ಓದಿಕೊಂಡಿದ್ದೆ. 30 ಇಂಚಿಗೆ 30 ಅಡಿ. ನಮ್ಮ ಅಂಗಳದಲ್ಲಿ ತುಳಸಿಕಟ್ಟೆಯವರೆಗೆ ಇರುವುದು 18 ಅಡಿ. ಉಳಿದದ್ದನ್ನು ಜಗಲಿಯನ್ನೇ ಉದ್ದಕ್ಕೆ ಕೊರೆದು ಇಳಿಸಬೇಕು ಎಂದೆ. ಅಣ್ಣ ತಡೆದ. "ಇದನ್ನೇ ನಾ ತಿಂಗಳಿಂದ ಹೇಳ್ತಾ ಇದ್ದದ್ದು. ಈಗ ಇಂಚಿನ ಲೆಕ್ಕ ಹಾಕ್ತಿದೀಯಲ್ಲ, ಏನಾಯ್ತು ನಿಂಗೆ?"

ಜಗಲಿಯ ಮೂಲೆಯ ಮರದ ಕಂಬದ ಬಗ್ಗೆ ಕೇಳಿದೆ. ಸೂರಿನ ಅರ್ಧ ಭಾರ ಅದರ ಮೇಲಿದೆ. ಅದರ ಬುಡದ ಕಲ್ಲು ತೆಗೆಯುವ ಮೊದಲು ತೊಲೆಗೆ ಆಸರೆ ಕೊಡಿಸು, ಕಂಬಕ್ಕೆ ಹೊಸದಾಗಿ ಗಟ್ಟಿ ಬುಡ ಕಟ್ಟಿಸಿದ ಮೇಲೇ ಕೊರೆಯಲಿ ಎಂದೆ. ಮೇಸ್ತ್ರಿ ಅದನ್ನು ಮೊದಲ ದಿನವೇ ಹೇಳಿದ್ದನಂತೆ. ಗೊತ್ತಿಲ್ಲದಿದ್ದದ್ದು ನನಗೊಬ್ಬಳಿಗೇ.

ಅಪ್ಪನಿಗೆ ಫೋನ್ ಕೊಡು ಎಂದೆ. ಅಜ್ಜ ಕಟ್ಟಿಸಿದ್ದಲ್ವಾ ಅಪ್ಪ, ನಿಮಗೆ ಬೇಜಾರಿಲ್ವಾ ಎಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. "ಬೇಜಾರು ಇದ್ದೇ ಇರ್ತದೆ ಮಗಾ," ಎಂದರು. "ಆದ್ರೆ ಅಂಗಳಕ್ಕೆ ಇಳಿದು ಒಂದು ವರ್ಷ ಆಯ್ತು."

ಕೆಲಸ ಮುಗಿದು ಈಗ ಎರಡು ತಿಂಗಳು. ಅಣ್ಣ ಕಳಿಸಿದ ವಿಡಿಯೊದಲ್ಲಿ ಅಪ್ಪ ಕೋಲೂರಿಕೊಂಡು ಇಳಿಜಾರಿನಲ್ಲಿ ನಿಧಾನವಾಗಿ ಇಳಿದು, ತುಳಸಿಕಟ್ಟೆಯ ಹತ್ತಿರ ನಿಂತು, ತಿರುಗಿ ಮನೆಯನ್ನು ನೋಡುತ್ತಾರೆ. ಹಳೆಯ ಕೆಂಪು ನೆಲ ಮತ್ತು ಹೊಸ ಸಿಮೆಂಟಿನ ನಡುವಿನ ಗೆರೆ ಎದ್ದು ಕಾಣುತ್ತದೆ. ನಾನು ನೋಡಿದ್ದರೆ ಬಣ್ಣ ಹೊಂದಿಸಿ ಎನ್ನುತ್ತಿದ್ದೆನೇನೋ. ಈಗ ಹಾಗೇ ಇರಲಿ ಎಂದಿದ್ದೇನೆ. ತೆಗೆದ ಮೆಟ್ಟಿಲ ಕಲ್ಲುಗಳನ್ನು ಜೋಪಾನವಾಗಿ ಇಡು ಎಂದು ಅಣ್ಣನಿಗೆ ಹೇಳಿದ್ದೆ. ಮೂರನ್ನು ಕೊಟ್ಟಿಗೆಯ ಪಕ್ಕ ಜೋಡಿಸಿದ್ದಾನಂತೆ. ನಾಲ್ಕನೆಯದನ್ನು ಅತ್ತಿಗೆ ಬಾವಿಕಟ್ಟೆಗೆ ಒಯ್ದು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಾರೆ. ಅದು ಎಷ್ಟನೆಯ ಮೆಟ್ಟಿಲಿನದು ಎಂದು ಕೇಳಿದೆ. ಅಣ್ಣನಿಗೆ ಗೊತ್ತಿರಲಿಲ್ಲ.